ತಾಗದ ಏಟುಗಳು

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಆವತ್ತು ಬೆಳಗ್ಗೆ ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಬರುವಷ್ಟರಲ್ಲಿ ಪ್ಲಾಟ್‌ಫಾರಮ್ಮನ್ನು ಹತ್ತು ಸಲ ಅಳೆದಿದ್ದೆ. ತಮ್ಮ ಮಾತ್ರ ಬೆಂಚಿನ ಮೇಲೆ ಆರಾಮವಾಗಿ ಕಡಲೆಕಾಯಿ ಸುಲಿಯುತ್ತಿದ್ದ. ಅವನ ಎಡಗಿವಿಗೆ ಕೇಳಿಸುವ ಮಿಷನ್ ಹಾಕಿಸಲು ಹೊರಟಿದ್ದೆವು. ಆ ಕಿವಿ ಕೆಡಿಸಿದವನು ನಾನೇ.

ನಮ್ಮದು ಬೇತಮಂಗಲದ ಹತ್ತಿರದ ಹಳ್ಳಿ. ನನಗೆ ಹದಿನೇಳು, ಅವನಿಗೆ ಹದಿನೈದು ಇದ್ದಾಗ ಸೈಕಲ್ ತುಳಿದುಕೊಂಡು ಕೆಜಿಎಫ್‌ಗೆ ಹೋಗಿ, ಇಂಗ್ಲಿಷಿನ ಒಂದು ಬಾಕ್ಸಿಂಗ್ ಸಿನಿಮಾದ ಎಲ್ಲ ಭಾಗಗಳನ್ನೂ ನೋಡಿದ್ದೆವು. ಜಾಗ ಸಾಲದೆ ಅವನು ಪರದೆಯ ಬುಡದಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ, ನಾನು ಹಿಂದೆ. ಗಣಿಯವರ ಮಕ್ಕಳು ಬಾಕ್ಸಿಂಗ್ ಕಲಿತಿದ್ದರು. ಹಳ್ಳಿಯವರು ನಾವೇನು ಕಮ್ಮಿ ಎನ್ನುವ ಜಂಬ ನನಗೆ. ಸಿನಿಮಾದ ನಾಯಕ ಮುಖಕ್ಕೆ ಕೈ ಅಡ್ಡ ಹಿಡಿಯದೆ ಏಟು ತಿಂದೂ ತಿಂದೂ ಕೊನೆಗೆ ಗೆಲ್ಲುತ್ತಿದ್ದ. ಅದೇ ವಿದ್ಯೆ ಅಂದುಕೊಂಡೆ. ಒಂದು ಸಂಜೆ ಕೊಟ್ಟಿಗೆಯ ಹಿಂದೆ ಮುಷ್ಟಿಗೆ ಗೋಣಿತಾಟು ಸುತ್ತಿಕೊಂಡು, ಕೈ ಇಳಿಸು ಅಂದೆ. ತಮ್ಮ ಮರುಮಾತಿಲ್ಲದೆ ಇಳಿಸಿದ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೀಸಿದೆ.

ಕಿವಿಯಿಂದ ರಕ್ತ ಬಂತು. ಜಾರಿ ಬಿದ್ದೆ ಅಂತ ಅಮ್ಮನಿಗೆ ಅವನೇ ಸುಳ್ಳು ಹೇಳಿದ. ಅಮ್ಮ ಬೆಚ್ಚಗಿನ ಎಣ್ಣೆ ಬಿಟ್ಟಳು. ಬೈಗುಳಕ್ಕೆ ಹೆದರಿ ನಾನು ಆಸ್ಪತ್ರೆಯ ಮಾತೇ ಎತ್ತಲಿಲ್ಲ. ಅವತ್ತಿನಿಂದ ಅವನ ಬಲಗಡೆಗೇ ಕೂರುತ್ತೇನೆ.

ಹೊರಡುವ ಹಿಂದಿನ ದಿನ ಆ ಸಿನಿಮಾಗಳ ತೆರೆಮರೆಯ ಸಂಗತಿಗಳ ವಿಡಿಯೊ ಒಂದು ಫೋನಿನಲ್ಲಿ ಸಿಕ್ಕಿತ್ತು. ಮುಷ್ಟಿ ಕೆನ್ನೆಯ ಪಕ್ಕ ಹಾದುಹೋಗುತ್ತಿತ್ತಂತೆ, ನಡುವಿನ ಸಂದು ಕಾಣದ ಹಾಗೆ ಕ್ಯಾಮೆರಾ ಇಡುತ್ತಿದ್ದರಂತೆ. ಏಟಿನ ಸದ್ದೆಲ್ಲ ಆಮೇಲೆ ಸೇರಿಸಿದ್ದು. ಒಮ್ಮೆ ನಿಜವಾದ ಏಟು ಬಿದ್ದಾಗ ಮಾತ್ರ ನಟನನ್ನು ನೇರ ಆಸ್ಪತ್ರೆಗೆ ಸಾಗಿಸಿದರಂತೆ. ನೋಡಿ ನನಗೆ ಮೈಯೆಲ್ಲ ಉರಿಯಿತು. ಅವರ ಮೇಲೋ ನನ್ನ ಮೇಲೋ, ಗೊತ್ತಿಲ್ಲ.

ತೋರಿಸಲೋ ಬೇಡವೋ ಎಂದು ರೈಲು ಹತ್ತಿದ ಮೇಲೂ ಒದ್ದಾಡಿದೆ. ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಎದುರು ಕೂತಿದ್ದ ಹೆಂಗಸು ಹೊಟ್ಟೆ ಸರಿಯಿಲ್ಲವಾ ಎಂದು ಕೇಳಿಯೂ ಬಿಟ್ಟಳು. ಕೊನೆಗೆ ತಮ್ಮನ ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿ ವಿಡಿಯೊ ಹಾಕಿದೆ. ಪೂರ್ತಿ ನೋಡಿ ಫೋನ್ ವಾಪಸ್ ಕೊಟ್ಟ.

"ಗೊತ್ತಿತ್ತು ಕಣಣ್ಣ," ಅಂದ. "ಮುಂದ್ಲ ಬೆಂಚಲ್ಲಿ ಕೂತಿದ್ನಲ್ಲ. ಕೈ ತಾಕ್ತಾನೇ ಇರ್ಲಿಲ್ಲ."

ಮತ್ಯಾಕೆ ಕೈ ಇಳಿಸಿ ನಿಂತೆ ಎಂದು ರೇಗಿದೆ.

"ನೀನೂ ಅಂಗೇ ಒಡೀತೀಯ ಅನ್ಕೊಂಡಿದ್ದೆ."

ಆಮೇಲೆ ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದ. ಬೆಂಗಳೂರು ಬರುವವರೆಗೂ ನಾನು ಕೂತ ಜಾಗದಿಂದ ಏಳಲಿಲ್ಲ.