ಪದಕದ ಬೆನ್ನು ಅಮ್ಮನದು

ಬೆಳಗಿನ ಐದೂವರೆ. ಸಾಂತಾ ಬ್ರಿಹಿದಾ ಪಟ್ಟಣದ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕ್ರಿಸಾಂತಾ ಬುಲಾಲಕಾವ್ ಅವರು ಮೇಯರರ ಮೂಗು ಉಜ್ಜುತ್ತಿದ್ದಾರೆ. ಬಿಸ್ಕತ್ತಿನಗಲದ ಪದಕವೊಂದನ್ನು ಬೋರಲು ಹಾಕಿ ಬಿಗಿದು, ಅದರ ಬೆನ್ನಿಗೆ ಅರ ಹಿಡಿದಿದ್ದಾರೆ. ಮೊದಲು ಮೂಗು ಹೋಗುತ್ತದೆ, ಆಮೇಲೆ ಕೆನ್ನೆ, ಕೊನೆಗೆ ನಗು. ಹನ್ನೆರಡು ನಿಮಿಷಕ್ಕೆ ಬೆನ್ನು ನುಣ್ಣಗಾಗುತ್ತದೆ. ಪಕ್ಕದಲ್ಲಿ ಕಾಫಿಗೆ ಅದ್ದಿ ಮರೆತ ಪಾಂದೆಸಾಲ್ ಬನ್ನು ಲೋಟದೊಳಗೇ ಕರಗುತ್ತಿದೆ.

"ನಗು ಬೇಗ ಹೋಗಲ್ಲ. ಅಷ್ಟೂ ಹಲ್ಲು ತೋರ್ಸಿದಾನೆ ಪುಣ್ಯಾತ್ಮ," ಎನ್ನುತ್ತಾ ಅವರು ಅರದ ಸಂದಿಗಳಲ್ಲಿ ಸಿಕ್ಕಿಕೊಂಡ ಪುಡಿಯನ್ನು ಕೊಡವುತ್ತಾರೆ.

ಅರವತ್ತಮೂರರ ಈ ಹೆಂಗಸನ್ನು ಊರೆಲ್ಲ ಗೌರವದಿಂದ ಆಲಿಂಗ್ ಸಂತಾ ಎಂದೇ ಕರೆಯುತ್ತದೆ. ನಲವತ್ತೊಂದು ವರ್ಷದಿಂದ ಪದಕದ ಅಚ್ಚು ಕೊರೆಯುವುದೇ ಕಸುಬು. ಉಕ್ಕಿನ ಗಟ್ಟಿಯ ಮೇಲೆ ಎಲ್ಲವನ್ನೂ ತಿರುಗುಮುರುಗಾಗಿ, ಉಬ್ಬಬೇಕಾದಲ್ಲಿ ತಗ್ಗಾಗಿ ಕೊರೆಯಬೇಕು. ಒಂದು ಅಚ್ಚಿಗೆ ಒಂಬತ್ತು ಹತ್ತು ದಿನ ಹಿಡಿಯುತ್ತದೆ. ತಮ್ಮ ಡೆಲ್ಫಿನ್ ಅದನ್ನು ಒತ್ತುಯಂತ್ರಕ್ಕೆ ಕೂರಿಸಿ ಹಿತ್ತಾಳೆಯ ಬಿಲ್ಲೆಗೆ ಮೂರು ಪೆಟ್ಟು ಕೊಡುತ್ತಾರೆ, ಪೆಟ್ಟು ಪೆಟ್ಟಿಗೂ ಬಿಲ್ಲೆಯನ್ನು ಕಾಯಿಸಿ ಮೆದು ಮಾಡುತ್ತಾರೆ. ದಿನಕ್ಕೆ ಎಂಬತ್ತು ಪದಕವಾದರೆ ಅದು ಒಳ್ಳೆಯ ದಿನ. ಸಂತಾ ಅವರ ಎಡ ಹೆಬ್ಬೆರಳಿಗೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಉಕ್ಕಿನ ಚೂರು ಸಿಡಿದ ಬಲಗಣ್ಣು ಸಂಜೆಯಾದರೆ ಮಂಜಾಗುತ್ತದೆ. ಊರಿನ ಅರ್ಧಕ್ಕರ್ಧ ಮನೆಗಳ ಗೋಡೆಯ ಮೇಲೆ ಅವರ ಕೆಲಸ ತೂಗುತ್ತಿದೆ. ಅದರಲ್ಲೆಲ್ಲೂ ಅವರ ಹೆಸರಿಲ್ಲ.

ಇಲ್ಲಿನ ಶಾಲೆಗಳಲ್ಲಿ ಪದಕವನ್ನು ಮೇಷ್ಟ್ರು ಹಾಕುವುದಿಲ್ಲ. ಮಗುವಿನ ಹೆಸರು ಕೂಗಿದಾಗ ಅಪ್ಪನೋ ಅಮ್ಮನೋ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ವೇದಿಕೆ ಹತ್ತಿ, ಎಲ್ಲರೆದುರು ಕೊರಳಿಗೆ ಹಾಕಬೇಕು. ಅದಕ್ಕೇ ಸಂತಾ ಅವರ ಪದಕಗಳ ಬೆನ್ನು ಖಾಲಿ ಇರುತ್ತದೆ. ಸಮಾರಂಭ ಮುಗಿಸಿ ಮನೆಯವರು ತಂದುಕೊಟ್ಟರೆ ಮಗುವಿನ ಹೆಸರನ್ನೂ ಅದರ ಕೆಳಗೆ 'ಹಾಕಿದವರು' ಎಂದು ಆ ಅಪ್ಪ ಅಥವಾ ಅಮ್ಮನ ಹೆಸರನ್ನೂ ಉಳಿಯಿಂದ ಕೊರೆದುಕೊಡುತ್ತಾರೆ. ಬಟ್ಟೆ ಒಗೆಯುವವರು, ಬಾಡಿಗೆ ಟ್ರೈಸಿಕಲ್ ಓಡಿಸುವವರು, ಮೀನು ಮಾರುವವರು. ಊರಿನ ಯಾವ ಶಿಲಾಫಲಕದ ಮೇಲೂ ಬಾರದ ಹೆಸರುಗಳು ಇಲ್ಲಿ ಬರುತ್ತವೆ.

ಈ ಜನವರಿಯಲ್ಲಿ ನಗರಸಭೆಯ ಆರ್ನುಲ್ಫೊ ಎಂಬ ಅಧಿಕಾರಿ ವರ್ಷದ ದೊಡ್ಡ ಕೆಲಸ ಹೊತ್ತು ಬಂದರು. ಎಲ್ಲ ಶಾಲೆಗಳಿಗೂ ಸೇರಿ ಸಾವಿರದ ಒಂಬೈನೂರು ಪದಕ. ಒಂದೇ ಷರತ್ತು, ಬೆನ್ನ ಮೇಲೆ ಮೇಯರರ ಮುಖ ಬರಬೇಕು.

"ಮುಂದುಗಡೆ ಮಗೂಗೇ ಇರ್ಲಿ ಆಲಿಂಗ್. ಹಿಂದುಗಡೆ ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಅಂದ್ರೆ ನಿಮ್ಮ ಮೇಯರ್ರಿಗೆ ಅದು ಯಾಕ್ಬೇಕು ಸರ್?"

"ಪದಕ ಕೊಡ್ತಿರೋದು ಅವ್ರಲ್ವಾ?"

"ಓದಿದ್ದು ಮಗು. ಬೆಳಗ್ಗೆ ಎದ್ದು ಅನ್ನ ಬೇಯ್ಸಿ ಕಳ್ಸಿದ್ದು ಅದರಮ್ಮ. ಬೆನ್ನು ಅವಳದ್ದು. ಹೋಗಿ ಹೇಳಿ."

ಕೆಲಸ ಪಕ್ಕದ ಊರಿನ ಕಾರ್ಖಾನೆಗೆ ಹೋಯಿತು. ಅವರು ಸತುವನ್ನು ಎರಕ ಹೊಯ್ದು, ಚಿನ್ನದ ಬಣ್ಣ ಬಳಿದು ಹದಿನೈದೇ ದಿನದಲ್ಲಿ ಕೊಟ್ಟರು. ಫೆಬ್ರವರಿ ಪೂರ್ತಿ ಸಂತಾ ಅವರ ಯಂತ್ರ ಸುಮ್ಮನೆ ನಿಂತಿತ್ತು. ಡೆಲ್ಫಿನ್ ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ ತಡೆಯಲಾರದೆ, "ಆತೆ, ನಿನ್ನ ಹಟಕ್ಕೆ ಯಂತ್ರ ತುಕ್ಕು ಹಿಡೀತದೆ," ಎಂದರು. ಆತೆ ಎಂದರೆ ಇಲ್ಲಿ ಅಕ್ಕ.

"ಎಣ್ಣೆ ಹಚ್ಚು," ಎಂದರು ಅಕ್ಕ.

ಮಾರ್ಚ್ ಕೊನೆಗೆ ಶಾಲೆಗಳಲ್ಲಿ ಸಮಾರಂಭ ನಡೆಯಿತು. ಮಾರನೆಯ ಬೆಳಿಗ್ಗೆ ಟ್ರೈಸಿಕಲ್ ಓಡಿಸುವವನೊಬ್ಬ ಮಗನ ಪದಕ ತಂದು ಮೇಜಿನ ಮೇಲೆ ಕುಕ್ಕಿದ. "ನನ್ನ ಹೆಸ್ರು ಎಲ್ಲಿ ಕೊರೀತೀರ ಈಗ? ಇಡೀ ಜಾಗದಲ್ಲಿ ಈತನೇ ಕೂತಿದಾನೆ." ಸಂತಾ ಪದಕವನ್ನು ತಿರುಗಿಸಿ ಮುರುಗಿಸಿ ನೋಡಿದರು, ಉಗುರಿನಿಂದ ಗೀಚಿದರು. ಸತು ಮೆದು. ಗೋಡೆಯ ಮೊಳೆಯಿಂದ ಅರ ಇಳಿಸಿದರು. ಮರುದಿನ ಬಾಗಿಲಲ್ಲಿ ಹನ್ನೊಂದು ಜನ ನಿಂತಿದ್ದರು. ಮೂರು ವಾರದಲ್ಲಿ ಮುನ್ನೂರ ಹನ್ನೆರಡು ಮುಖಗಳು ಪುಡಿಯಾಗಿ ಡಬ್ಬಿ ಸೇರಿವೆ.

ಹಾಗೆಂದು ಕೇಳಿದ್ದನ್ನೆಲ್ಲ ಅವರು ಕೊರೆಯುವುದಿಲ್ಲ. ಇವತ್ತು ಬೆಳಕು ಹರಿಯುವಾಗ ಮೀನು ಮಾರುವ ರೊಸೆಂದಾ ತಮ್ಮ ಮಗಳು ಜೊವಿಲಿನ್‌ಳನ್ನು ಕರೆದುಕೊಂಡು ಬರುತ್ತಾರೆ.

"ಅವತ್ತು ನಾನು ಹೋಗಿರ್ಲಿಲ್ಲ ಆಲಿಂಗ್. ದೋಣಿ ಬರೋ ಹೊತ್ತು. ಪಕ್ಕದ ಮನೆಯೋಳು ಹಾಕಿದ್ಲು. ನನ್ನ ಹೆಸ್ರೇ ಕೊರೆದ್ಬಿಡಿ, ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ. ಹಾಕದೇ ಇದ್ದೋರ ಹೆಸ್ರು ನಾನು ಕೊರೆಯಲ್ಲ."

ರೊಸೆಂದಾ ಮುಖ ಸಣ್ಣ ಮಾಡಿಕೊಂಡು ಹೊರಡುತ್ತಾರೆ.

"ಎಲ್ಲಿಗೆ ಹೊರಟೆ? ಮೊದ್ಲು ಹಾಕು. ಇಲ್ಲೇ."

ಡೆಲ್ಫಿನ್ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕುತ್ತಾರೆ. ಹುಡುಗಿ ಅದರ ಮೇಲೆ ನಿಲ್ಲುತ್ತಾಳೆ. ಡೆಲ್ಫಿನ್ ಗಂಟಲು ಸರಿಮಾಡಿಕೊಂಡು ಹೆಡ್‌ಮಾಸ್ತರರ ಗತ್ತಿನಲ್ಲಿ ಅವಳ ಪೂರ್ತಿ ಹೆಸರು ಕೂಗುತ್ತಾರೆ. ರೊಸೆಂದಾ ಮೀನಿನ ಹುರುಪೆ ಅಂಟಿದ ಕೈಗಳನ್ನು ಸೊಂಟದ ಬಟ್ಟೆಗೆ ಒರೆಸಿ, ಮತ್ತೊಮ್ಮೆ ಒರೆಸಿ, ಮಗಳ ಕೊರಳಿಗೆ ಪದಕ ಹಾಕುತ್ತಾರೆ. ಸರದಿಯಲ್ಲಿ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಅಮ್ಮ ಅಳುತ್ತಾರೆ, ಮಗಳಿಗೆ ನಾಚಿಕೆ. ಆಮೇಲಷ್ಟೇ ಸಂತಾ ಅರ ಎತ್ತಿಕೊಳ್ಳುತ್ತಾರೆ.

ಆ ಅರ ತೂಗುವ ಮೊಳೆಯಲ್ಲಿ ಹಳೆಯ ಪದಕವೂ ಒಂದಿದೆ. ನಾಲ್ಕನೇ ತರಗತಿಯಲ್ಲಿ ಸಂತಾ ಗೆದ್ದದ್ದು. ಅದರ ಬೆನ್ನು ಖಾಲಿ. ಬಟ್ಟೆ ಒಗೆಯುತ್ತಿದ್ದ ತಾಯಿ ಫೆಲೀಸಾ ಅಂದು ರಬ್ಬರ್ ಚಪ್ಪಲಿಯಲ್ಲಿ ಬಂದಿದ್ದರು. ಬೂಟಿಲ್ಲದವರು ವೇದಿಕೆ ಹತ್ತುವಂತಿಲ್ಲ ಎಂದು ಗೇಟಿನಲ್ಲೇ ನಿಲ್ಲಿಸಿದರು. ಪದಕ ಹಾಕಿದ್ದು ಊರ ದೊಡ್ಡವರೊಬ್ಬರ ಹೆಂಡತಿ.

"ನಮ್ಮಮ್ಮ ಹೊರಗಿಂದ್ಲೇ ನೋಡಿದ್ಲು. ನನ್ನ ಬೆನ್ನು ಕಾಣಿಸ್ತಂತೆ, ಅಷ್ಟೆ. ಅವಳು ಹೋಗಿ ಇಪ್ಪತ್ತಾರು ವರ್ಷ ಆಯ್ತು. ಈಗ ಅವಳ ಹೆಸ್ರು ಕೊರೆದ್ರೆ ಸುಳ್ಳಾಗ್ತದೆ." ಹೇಳುವಾಗ ಅವರಿಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬರಲಿ, ಆ ಸಿಟ್ಟಿಗೆ ನ್ಯಾಯವಿದೆ.

ಎಂಟು ಗಂಟೆಗೆ ಆರ್ನುಲ್ಫೊ ಬಾಗಿಲಲ್ಲಿ ನಿಲ್ಲುತ್ತಾರೆ. ಮೇಜಿನ ಮೇಲಿನ ಪುಡಿ ನೋಡುತ್ತಾರೆ, ಸರದಿ ನೋಡುತ್ತಾರೆ.

"ಬರೋ ಜನವರೀಲಿ ಅಂಗಡಿ ಪರವಾನಗಿ ಮುಗಿಯುತ್ತೆ ಆಲಿಂಗ್. ನೆನಪಿದೆ ತಾನೆ?"

"ನನಗೂ ನೆನಪಿದೆ. ಇಲ್ಲಿ ನಿಂತಿರೋರಿಗೂ ವೋಟು ಹಾಕೋವಾಗ ನೆನಪಿರ್ತದೆ ಸರ್."

ಸರದಿಯಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ಅಧಿಕಾರಿ ಬಂದ ದಾರಿ ಹಿಡಿಯುತ್ತಾರೆ. ಬೆದರಿಕೆ ಪೊಳ್ಳೇನಲ್ಲ, ಪರವಾನಗಿ ಕೊಡದೆ ನಲವತ್ತೊಂದು ವರ್ಷದ ಈ ಬಾಗಿಲು ಮುಚ್ಚಿಸುವುದು ಅವರಿಗೆ ಸುಲಭ. ಹಾಗಾದರೆ ಏನು ಮಾಡುವಿರಿ ಎಂದು ಕೇಳಿದರೆ ಸಂತಾ ತಲೆ ಎತ್ತುವುದಿಲ್ಲ.

"ಮನೆ ಮೆಟ್ಟಿಲ ಮೇಲೆ ಕೂತು ಉಜ್ಜುತ್ತೀನಿ. ಅರಕ್ಕೆ ಪರವಾನಗಿ ಬೇಕಿಲ್ಲ."

ಬೇರೆ ಏನಾದರೂ ಆಸೆ?

ಅವರು ಅರವನ್ನು ಬೆಳಕಿಗೆ ಹಿಡಿದು, ಸವೆದ ಹಲ್ಲುಗಳ ಮೇಲೆ ಬೆರಳಾಡಿಸುತ್ತಾರೆ.

"ಒಂದು ಹೊಸ ಅರ ಸಿಕ್ಕಿದ್ರೆ ಸಾಕು. ಇನ್ನೂ ಒಂದೂವರೆ ಸಾವಿರ ಮೂಗು ಬಾಕಿ ಇದೆ."