ಲಿಫ್ಟ್ ಕೆಟ್ಟರೆ ಹೆಣಿಗೆ ಕ್ಲಾಸು

ಬೆಳಗಿನ ಐದೂಮುಕ್ಕಾಲು. ಆರು ಮಹಡಿಯ ಆಸ್ಪತ್ರೆಯ ಲಿಫ್ಟ್ ಇನ್ನೂ ಓಡಲು ಶುರುಮಾಡಿಲ್ಲ. ಅದನ್ನು ಓಡಿಸುವಾಕೆ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದಾರೆ. ಮಡಿಲಲ್ಲಿ ಅರ್ಧ ಹೆಣೆದ ಸ್ವೆಟರ್, ಅದರಿಂದ ಜೋತಾಡುವ ಏಳು ಬಣ್ಣದ ಏಳು ಪುಟ್ಟ ನೂಲುಂಡೆಗಳು. ಎದುರಿನ ಬೆಂಚಿನ ಮೇಲೆ ಇಬ್ಬರು ನರ್ಸುಗಳು ಮತ್ತು ಗೇಟಿನ ಕಾವಲುಗಾರ. ಮೂವರೂ ಹೆಣಿಗೆ ಕಡ್ಡಿ ಹಿಡಿದು, ಇಂಜೆಕ್ಷನ್‌ಗೆ ಕಾದವರಂತೆ ಮುಖ ಮಾಡಿಕೊಂಡಿದ್ದಾರೆ.

"ಬಣ್ಣ ಬದಲಾಗೋ ಕಡೆ ಹಳೇ ನೂಲಿಗೆ ಹೊಸದನ್ನ ಒಂದು ಸುತ್ತು ಸುತ್ತಿ. ಪಕ್ಕದ ಮನೆಯೋರನ್ನ ಮಾತಾಡಿಸಿದ ಹಾಗೆ. ಮಾತು ಬಿಟ್ರೋ, ನಡುವೆ ತೂತು!" ಎಂದು ಪಾಠ ಹೇಳುತ್ತಾರೆ, ಎಲ್ಲರ ಬಾಯಲ್ಲೂ 'ಲಿಫ್ಟ್ ಅಕ್ಕ' ಆಗಿರುವ ಆಕೆ.

"ಅಕ್ಕಾ, ನಂದು ಆಗ್ಲೇ ಮಾತು ಬಿಟ್ಟಿದೆ," ಎನ್ನುತ್ತಾನೆ ಕಾವಲುಗಾರ, ತೂತಿನೊಳಗಿಂದ ಬೆರಳು ತೋರಿಸಿ.

ಈ ಹೆಣಿಗೆಯ ಹೆಸರು ಇಂಟಾರ್ಸಿಯಾ. ಒಂದೊಂದು ಬಣ್ಣಕ್ಕೂ ಒಂದೊಂದು ಉಂಡೆ. ಒಂದು ಬಣ್ಣದ ನೂಲು ಇನ್ನೊಂದರ ಬೆನ್ನ ಹಿಂದೆ ಹಾಯುವಂತಿಲ್ಲ. ಲಿಫ್ಟ್ ಅಕ್ಕನಿಗೆ ಇದನ್ನು ಕಲಿಸಿದ್ದು, ಹಿಂದೊಮ್ಮೆ ಐದನೇ ಮಹಡಿಯಲ್ಲಿದ್ದ ರೋಗಿಯೊಬ್ಬರ ತಂಗಿ. ಮೊದಲ ಸ್ವೆಟರ್ ಗಂಡನಿಗೆ. ಎದೆಯ ಮೇಲಿನ ಗುಬ್ಬಚ್ಚಿಯ ಸುತ್ತ ಹನ್ನೊಂದು ತೂತು. ಬೆನ್ನುನೋವಿನಿಂದ ಕೆಲಸ ಬಿಟ್ಟು ಮನೆಯಲ್ಲಿರುವ ಆತ ಅದನ್ನು ಇವತ್ತಿಗೂ ಹಾಕಿಕೊಳ್ಳುತ್ತಾರೆ. "ಗಾಳಿ ಚೆನ್ನಾಗಿ ಆಡುತ್ತೆ, ಬೇಸಿಗೆಗೂ ಆಯ್ತು" ಅಂತ ಹೊಗಳಿಕೆ ಬೇರೆ.

ದಿನಕ್ಕೆ ಇನ್ನೂರೈವತ್ತು ಸಲವಾದರೂ ಮೇಲೆ ಕೆಳಗೆ ಓಡಾಟ. ಮೊದಲು ಆ ನಡುವೆಯೇ ಹೆಣೆಯುತ್ತಿದ್ದರು. ಹೋದ ವರ್ಷ ಮಾತ್ರ ಎಡವಟ್ಟಾಯಿತು. ಮೂರನೇ ಮಹಡಿಯಲ್ಲಿ ಇಳಿದ ಆಸ್ಪತ್ರೆಯ ಮೇಲ್ವಿಚಾರಕರ ಬೂಟಿಗೆ ಕೆಂಪು ನೂಲು ಸಿಕ್ಕಿಕೊಂಡಿತು. ಅವರು ಗತ್ತಿನಿಂದ ವಾರ್ಡು ಸುತ್ತುತ್ತಿದ್ದರೆ ಹಿಂದೆ ಉಂಡೆ ಉರುಳುತ್ತ ಬರುತ್ತಿದೆ! ಹಾಸಿಗೆಯಲ್ಲಿದ್ದ ಮುದುಕರೊಬ್ಬರು ಕನಿಕರದಿಂದ ಕೇಳಿಯೇಬಿಟ್ಟರು: "ಸಾರ್, ನಿಮಗೂ ರಕ್ತ ಹಾಕ್ತಿದಾರಾ?"

"ವಾರ್ಡಿಗೆ ವಾರ್ಡೇ ನಕ್ತು. ನನಗೆ ಮಾತ್ರ ನಗು ಬರ್ಲಿಲ್ಲ," ಎನ್ನುತ್ತಾರೆ ಅಕ್ಕ. "ಮನೇಲಿ ದುಡಿಯೋಳು ನಾನೊಬ್ಳೇ. ಕೆಲಸಕ್ಕೇ ಕುತ್ತು ಬಂತು ಅಂದ್ಕೊಂಡೆ."

ಮರುದಿನ ಬಂದದ್ದು ಒಂದೇ ಸಾಲಿನ ಆದೇಶ: 'ಲಿಫ್ಟ್ ಚಾಲನೆಯಲ್ಲಿರುವಾಗ ಹೆಣಿಗೆ ನಿಷಿದ್ಧ.' ಅಕ್ಕ ಮೂರು ಸಲ ಓದಿದರು. ನಿಂತಾಗ ಹೆಣೆಯಬಾರದು ಅಂತ ಎಲ್ಲೂ ಇರಲಿಲ್ಲ. ಈ ಲಿಫ್ಟೋ, ಓಡುವುದಕ್ಕಿಂತ ಕೆಡುವುದರಲ್ಲೇ ಪಳಗಿದ್ದು! ಲಿಫ್ಟ್ ಕೆಟ್ಟಿತೆಂಬ ಸುದ್ದಿ ಬಂದರೆ ಸಾಕು, ಬಿಡುವಿದ್ದ ಶಿಷ್ಯರು ಚೀಲ ಹಿಡಿದು ಓಡಿ ಬರುತ್ತಾರೆ. ಹೋದ ತಿಂಗಳು ರಿಪೇರಿಯವನು ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಒಬ್ಬ ನರ್ಸಿನ ಮಗುವಿನ ಸ್ವೆಟರಿನಲ್ಲಿ ಹಳದಿ ಬಾತುಕೋಳಿಗೆ ಕೊಕ್ಕು ಬಂತು, ಕಾಲೂ ಬಂತು. ಒಂದೂ ತೂತಿಲ್ಲ.

ಅಕ್ಕನ ನಿವೃತ್ತಿಗೆ ಇನ್ನೆರಡು ವರ್ಷ. ಆಮೇಲೇನು ಆಸೆ ಎಂದರೆ ನಾಚಿಕೊಳ್ಳುತ್ತಾರೆ.

"ದೊಡ್ಡದೇನಿಲ್ಲಪ್ಪ. ಒಂದು ದಿನ, ಬೆಳಗಿಂದ ಸಂಜೆವರೆಗೂ, ಒಂದೇ ಮಹಡೀಲಿ ಕೂತು ಹೆಣೀಬೇಕು."