ಶ್ರೀದೇವಿ ಅತ್ತೆಯ ಗಾಡಿ ನಿಂತದ್ದು ಯಾಕೆ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. ನೂಲು ಕೊಯ್ದು ಬೆರಳ ತುದಿಯಲ್ಲಿ ಗೆರೆಗಳು ಬಿದ್ದಿವೆ, ಪೆನ್ನು ಹಿಡಿದರೆ ಜಾರುತ್ತದೆ. ನನಗೆ ಗೊತ್ತಿರುವ ಶಬ್ದಗಳೂ ಕಡಿಮೆ. ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಗುರುಗಳು ಎಬ್ಬಿಸಿ ನಿಲ್ಲಿಸಿ ಕೇಳಿದರೆ, ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ತಪ್ಪಾದ ಹಾಳೆಯನ್ನು ತೆಗೆದಿಟ್ಟು ಮತ್ತೆ ಮೊದಲಿನಿಂದ ಬರೆದಿದ್ದೇನೆ. ಸುಳ್ಳು ಎಲ್ಲೂ ಸೇರಬಾರದು ಎಂದು.

ಸುಳ್ಳು ಈಗಾಗಲೇ ಬನಹಟ್ಟಿಯ ಚಹಾದ ಅಂಗಡಿಗಳಲ್ಲಿ ಸಾಕಷ್ಟು ಓಡಾಡುತ್ತಿದೆ. ‘ಹೆಂಗಸು ಕಟ್ಟಿದ ಗಾಡಿ, ಅರ್ಧಕ್ಕೇ ನಿಂತಿತು’ ಎಂದು ಹೇಳಿ ನಗುತ್ತಾರೆ. ಆ ಹೆಂಗಸು ನನ್ನ ಅತ್ತೆ ಶ್ರೀದೇವಿ, ನನ್ನ ಅಪ್ಪನ ತಂಗಿ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಪ್ಪನ ಅಪ್ಪ, ನನ್ನ ಮುತ್ಯಾ ಗಿರಮಲ್ಲಪ್ಪ ಮಗ್ಗ ರಿಪೇರಿಯ ಜಾಬರ್ ಆಗಿದ್ದ. ಪಕ್ಕದ ರಬಕವಿಯಲ್ಲೂ ಯಾರ ಮಗ್ಗ ಕೆಟ್ಟರೂ ಅವನನ್ನೇ ಕರೆಯುತ್ತಿದ್ದರು. ಅವನ ಹಿಂದೆ ನಟ್ಟು ಬೋಲ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಹೋಗುತ್ತಿದ್ದವಳು ಅತ್ತೆ. ಅಪ್ಪನಿಗೆ ಆ ಚೀಲ ಹೊರುವುದು ನಾಚಿಕೆಯಾಗಿತ್ತಂತೆ. ಅತ್ತೆಯನ್ನು ಲೋಕಾಪುರಕ್ಕೆ ಮದುವೆ ಮಾಡಿ ಕೊಟ್ಟರು. ಅಲ್ಲಿ ಅವಳ ಮಾವನ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಬರುವ ಮೊದಲೇ ಇವಳು ಚಾಲೂ ಮಾಡಿದಳು. ಗಾಡಿ ಚಾಲೂ ಆಗದಿದ್ದರೆ ಅವರು ಬೈದು ಸುಮ್ಮನಾಗುತ್ತಿದ್ದರೋ ಏನೋ, ಚಾಲೂ ಆದದ್ದೇ ತಪ್ಪಾಯಿತು. ಮಂದಿಯೆದುರು ಮಾವನ ಮಾನ ಕಳೆದಳು ಎಂದು ಶುರುವಾದ ಜಗಳ ಮುಗಿಯಲೇ ಇಲ್ಲ. ಅತ್ತೆ ತವರಿಗೆ ಬಂದಳು.

ಅತ್ತೆಗೆ ಸಿಟ್ಟು ಬಹಳ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ. ಪಾನಾ ಎಸೆದಳೆಂದರೆ ಗೋಡೆಯ ಗಿಲಾವು ಉದುರುತ್ತದೆ. ಬೋಲ್ಟು ಜಾಮ್ ಆದರೆ ಅದರ ಏಳು ತಲೆಮಾರಿಗೂ ಬೈಯುತ್ತಾಳೆ. ಆದರೆ ಸಿಟ್ಟಿನಲ್ಲಿ ಒಂದು ಬೋಲ್ಟನ್ನೂ ಅಡ್ಡ ಹತ್ತಿಸಿ ಕೆಡಿಸಿದ್ದನ್ನು ನಾನು ನೋಡಿಲ್ಲ.

ಮುತ್ಯಾ ಸತ್ತ ಮೇಲೆ ಅವನ ಹಳೆಯ ಯಮಹಾ ಬೈಕು ಬಚ್ಚಲ ಮನೆಯ ಪಕ್ಕ ತಗಡಿನ ಕೆಳಗೆ ಬಿದ್ದಿತ್ತು. ಸೀರೆಯ ಗಂಟು ಹೇರಿಕೊಂಡು ಜಮಖಂಡಿ, ಮುಧೋಳ ಎಂದು ತಿರುಗಿದ ಗಾಡಿ. ಸೀಟಿನ ಸ್ಪಂಜಿನಲ್ಲಿ ಬೆಕ್ಕು ಮರಿ ಹಾಕಿತ್ತು. ಮರಿಗಳು ಕಣ್ಣು ಬಿಡುವವರೆಗೆ ಅತ್ತೆ ಕಾದಳು, ಆಮೇಲೆ ಗಾಡಿಯನ್ನು ಮಗ್ಗದ ಮನೆಯ ಖಾಲಿ ಮೂಲೆಗೆ ಎಳೆದು ತಂದು ಪೂರಾ ಬಿಚ್ಚಿದಳು. ಬರೀ ದುರಸ್ತಿ ಮಾಡುವುದಲ್ಲ, ರೇಸಿಗೆ ಬಿಡುವಂಥ ಗಾಡಿ ಕಟ್ಟುವುದು ಅವಳ ಹಟ.

ಅವಳು ಕಟ್ಟಿದ್ದು ನೇಕಾರಳ ರೀತಿಯಲ್ಲೇ. ಸೈಲೆನ್ಸರ್ ಹೊಟ್ಟೆ ದೊಡ್ಡದಾಗಿ, ಬಾಲ ಸಣ್ಣದಾಗಿ ಇರಬೇಕು, ಆಗ ಎಂಜಿನ್ನಿಗೆ ಜೋರು ಬರುತ್ತದೆ. ಅದರ ಅಳತೆಯನ್ನು ಮೊದಲು ಸೀರೆಗೆ ಅಂಚಿನ ಚಿತ್ತಾರ ಮೂಡಿಸುವ ಜಕಾರ್ಡಿನ ಹಳೆಯ ರಟ್ಟುಗಳಲ್ಲಿ ಕತ್ತರಿಸಿ, ಸುರುಳಿ ಮಾಡಿ, ಕಂಡಿಕೆಯ ನೂಲಿನಿಂದ ಕಟ್ಟಿ ನೋಡಿದಳು. ಯಾವುದೋ ಸೀರೆಯ ಅಂಚಿನ ತೂತುಗಳಿದ್ದ ಸೈಲೆನ್ಸರ್ ಅದು. ಸರಿ ಅನ್ನಿಸಿದ ಮೇಲೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಿದಳು. ಸಿಲಿಂಡರಿನ ಕಿಂಡಿಗಳನ್ನು ಸಣ್ಣ ಅರದಿಂದ ಉಜ್ಜಿ ದೊಡ್ಡದು ಮಾಡಿದಳು. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಗಾಲಿ, ದೊಡ್ಡ ಕಾರ್ಬುರೇಟರ್. ಮಡ್‌ಗಾರ್ಡ್, ಕ್ಯಾರಿಯರ್, ಭಾರವೆಂದು ಕಂಡದ್ದೆಲ್ಲ ಹೊರಗೆ. ಚೈನಿನ ಬಿಗಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ಮಗ್ಗದ ಮೇಲೆ ಉದ್ದಕ್ಕೆ ಎಳೆದ ಹಾಸುನೂಲನ್ನು ನೋಡುವ ಹಾಗೆ.

ಒಂದು ಕಟ್ಟಳೆ ಮಾತ್ರ ಬಹಳ ಬಿಗಿ. ನೇಕಾರರ ಮನೆಯಲ್ಲಿ ಏನು ಒರೆಸಲಿಕ್ಕೂ ಮಗ್ಗದ ಕೆಳಗೆ ಬಿದ್ದ ವೇಸ್ಟ್ ನೂಲಿನ ಮುದ್ದೆಯೇ. ಎಣ್ಣೆ ಒರೆಸುವುದು, ಕೈ ಒರೆಸುವುದು, ಎಲ್ಲ ಅದರಿಂದಲೇ. ಅತ್ತೆ ಅದನ್ನು ಗಾಡಿಯ ಹತ್ತಿರ ಬಿಡುತ್ತಿರಲಿಲ್ಲ. ಒಗೆದು ಒಗೆದು ಎಳೆ ಬಿಡದಂತಾದ ಮುತ್ಯಾನ ಹಳೆಯ ಧೋತರದ ತುಂಡುಗಳಿಂದಲೇ ಒರೆಸಬೇಕು. ನಾನು ಮರೆತು ಒಮ್ಮೆ ವೇಸ್ಟ್ ಹಿಡಿದು ಹೋದಾಗ ಕೂಗಿದಳು.

“ಮಾಯಾ! ನೂಲ ದೂರ ಇಡ! ಒಂದ ಎಳಿ ಒಳಗ ಹೋತಂದ್ರ ಪೆಟ್ರೋಲ್ ಬರೂ ತೂತ ಮುಚ್ಚತೈತಿ. ಪೆಟ್ರೋಲ್‌ನ್ಯಾಗ ಎಣ್ಣಿ ಇರತೈತಿ, ಅದು ಬರಲಿಲ್ಲಂದ್ರ ಪಿಸ್ಟನ್ ಒಣಗಿ ಹಿಡ್ಕೊಂಡ ಬಿಡತೈತಿ.”

ಅಪ್ಪನಿಗೆ ಆ ಮೂಲೆಯ ಮೇಲೆ ಕಣ್ಣಿತ್ತು. ಅಪ್ಪನ ಹೆಸರು ಸುಭಾಷ್.

“ಮಗ್ಗದ ಮನ್ಯಾಗ ಗ್ಯಾರೇಜ್ ಇಟ್ಟಿಯಲ್ಲ ಶ್ರೀದೇವಿ? ಆ ಜಾಗಾದಾಗ ಇನ್ನೊಂದು ಮಗ್ಗ ಕುಂದರತೈತಿ.”

“ಕುಂದರಸು. ಕೆಟ್ಟಾಗ ಯಾರನ್ನ ಕರೀತಿ?”

“ಜಾಬರ್‌ನ ಕರೀತೇನಿ.”

“ಜಾಬರ್ ಇವತ್ತ ಕರದ್ರ ನಾಡದ ಬರ್ತಾನ. ನಾ ನಿಂತ ಕಾಲ ಮ್ಯಾಲ ಬರ್ತೇನಿ. ಅದಕ್ಕ ನನಗ ಕಿಮ್ಮತ್ತಿಲ್ಲ.”

ಅವರಿಬ್ಬರ ತಾಯಿ, ನಮ್ಮ ಆಯಿ ರುಕ್ಮವ್ವ ಇಬ್ಬರ ನಡುವೆ ಕೂತು ನ್ಯಾಯ ಹೇಳಿದಳು. ಬಾಡಗಂಡಿಯ ಕಡೆ ಕಬ್ಬು ಕಡಿದ ಹೊಲದಲ್ಲಿ ಹುಡುಗರು ಗಾಡಿಗಳ ರೇಸ್ ಇಟ್ಟಿದ್ದರು. ಗಾಡಿ ಅಲ್ಲಿ ತೊಂದರೆಯಿಲ್ಲದೆ ಕೊನೆ ಮುಟ್ಟಿದರೆ ಮೂಲೆ ಅತ್ತೆಯದು, ಅಲ್ಲಿಯೇ ಅವಳು ಮಂದಿಯ ಗಾಡಿಗಳನ್ನೂ ಕಟ್ಟಬಹುದು. ನಡುವೆ ಕೈಕೊಟ್ಟರೆ ಮೂಲೆ ಖಾಲಿ, ಅಲ್ಲಿ ಮಗ್ಗ. ಓಡಿಸಲು ಹೆಂಗಸರನ್ನು ಬಿಡುವುದಿಲ್ಲ ಎಂದು ರೇಸಿನವರು ಹೇಳಿದ್ದರಿಂದ, ಹರೆಯದಲ್ಲಿ ಗಾಡಿ ಓಡಿಸಿ ಹೆಸರು ಮಾಡಿದ್ದ ಅಪ್ಪನೇ ಓಡಿಸುವುದು. ಕಟ್ಟಿದವಳು ಶ್ರೀದೇವಿ ಎಂದು ಮೈಕಿನಲ್ಲಿ ಹೇಳಿಸುವುದು. ಅಪ್ಪ ಆಯಿಯ ಕೈ ಮುಟ್ಟಿ ಒಪ್ಪಿದ.

ಬುಧವಾರ ಅತ್ತೆ ಕೆಲಸ ಮುಗಿಸಿದಳು. ಗಾಡಿಯನ್ನು ರಬಕವಿಯ ರಸ್ತೆಯಲ್ಲಿ ತಾನೇ ಓಡಿಸಿ ಬಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ ನನಗೆ ತೋರಿಸಿದಳು. ಅದರ ತುದಿ ಚಾಕ್ಲೇಟ್ ಬಣ್ಣಕ್ಕಿತ್ತು. “ಹಿಂಗ ಇದ್ರ ಎಂಜಿನ್‌ಗೆ ಹೊಟ್ಟಿ ತುಂಬ ಊಟ ಸಿಗಾಕತ್ತೈತಿ ಅಂತ ತಿಳ್ಕೊ. ಬೆಳ್ಳಗಿದ್ರ ಉಪವಾಸ.” ಕಾರ್ಬುರೇಟರ್ ತೊಳೆದು, ಧೋತರದಿಂದ ಒರೆಸಿ, ಮುಚ್ಚಿದಳು. “ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಭಾನುವಾರ ಬಾಡಗಂಡಿ. ನಾನೂ ಅತ್ತೆಯೂ ಗಾಡಿ ಹೇರಿಕೊಂಡು ಬಂದ ಟೆಂಪೋದ ಪಕ್ಕ ನಿಂತಿದ್ದೆವು. ಮುತ್ಯಾನ ಗಾಡಿಯ ದನಿ ಕೇಳಿದ್ದೇ ಹುಡುಗರು ಸುತ್ತ ಮುಗಿಬಿದ್ದರು. ಮೈಕಿನವನು ಅಪ್ಪನ ಬಾಯಿಗೆ ಮೈಕ್ ಹಿಡಿದ.

“ಕಾಕಾ, ಇಂಥಾ ಗಾಡಿ ಕಟ್ಟಿದ ಕೈ ಯಾರದ್ರಿ?”

“ನಂದ ರೀ” ಎಂದ ಅಪ್ಪ. “ನಮ್ಮಪ್ಪನ ಗಾಡಿ. ನಾನ ಬಿಚ್ಚೇನಿ, ನಾನ ಕಟ್ಟೇನಿ.”

ಇಡೀ ಹೊಲಕ್ಕೆ ಕೇಳಿಸಿತು. ಅತ್ತೆ ಕೈಯಲ್ಲಿದ್ದ ಕಬ್ಬಿನ ಗಳವನ್ನು ಹಲ್ಲಿನಿಂದ ಸಿಗಿದು ಉಗುಳಿದಳು.

“ಓಡ್ಲಿ ಮದಲ. ಆಮ್ಯಾಲ ಅಂವನ ಕಿವಿ ಹಿಂಡತೇನಿ.”

ಓಡಿತು. ಎಲ್ಲಕ್ಕಿಂತ ಮುಂದೆ ಓಡಿತು. ಹೊಸ ಹೊಸ ಗಾಡಿಗಳೆಲ್ಲ ಅದರ ಧೂಳು ಕುಡಿದವು. ನನಗೆ ಕೂಗಬೇಕೆನ್ನಿಸಿತು, ಕೂಗು ಬರಲಿಲ್ಲ, ಅತ್ತೆಯ ಸೆರಗು ಹಿಡಿದುಕೊಂಡೆ. ಅರ್ಧ ದಾರಿ ದಾಟುವುದರಲ್ಲಿ ಅತ್ತೆಯ ಮುಖ ಬದಲಾಯಿತು. ಎಲ್ಲರೂ ಗಾಡಿಯನ್ನು ನೋಡುತ್ತಿದ್ದರು, ಅವಳು ಮಾತ್ರ ಕೇಳುತ್ತಿದ್ದಳು.

“ಉಪವಾಸ ಬಿತ್ತ... ಅಣ್ಣಾ, ಎಕ್ಸಿಲೇಟರ್ ಬಿಡೋ! ಬಿಡು!”

ಅಷ್ಟು ದೂರ ಯಾರ ಮಾತು ಕೇಳುತ್ತದೆ? ಎಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗುವುದು ನಿಂತು, ಗಾಡಿ ಅಡ್ಡ ಜಾರಿ, ಅಪ್ಪ ಕಬ್ಬಿನ ಕೂಳೆಗಳ ಮೇಲೆ ಬಿದ್ದ. ಮೊಣಕೈ ತರಚಿತ್ತು, ಅಷ್ಟೇ. ಅತ್ತೆ ಮೊದಲು ಅವನನ್ನೇ ಎತ್ತಲು ಓಡಿದಳು, ಗಾಡಿಯ ಕಡೆ ನೋಡಲೂ ಇಲ್ಲ. ಇದನ್ನು ಚಹಾದ ಅಂಗಡಿಯವರು ಹೇಳುವುದಿಲ್ಲ.

ಮೈಕಿನವನೂ ಓಡಿ ಬಂದ. “ಏನಾತ್ರಿ ಕಾಕಾ?”

ಅಪ್ಪ ಧೂಳು ಕೊಡವಿಕೊಂಡು, ಅತ್ತೆ ತನ್ನ ತೋಳು ಹಿಡಿದು ನಿಂತಿರುವಾಗಲೇ ಹೇಳಿದ. “ಏನ್ ಮಾಡೂದ್ರಿ, ಹೆಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದ. ನಮ್ಮ ತಂಗಿ ಕಟ್ಟಿದ್ದು.”

ಓಡುವಾಗ ಅವನು ಕಟ್ಟಿದ್ದು, ನಿಂತಾಗ ಅವಳು ಕಟ್ಟಿದ್ದು. ಮೈಕ್ ಚಾಲೂ ಇತ್ತು. ಹೊಲವೆಲ್ಲ ನಕ್ಕಿತು. ಅತ್ತೆ ಅಪ್ಪನ ತೋಳು ಬಿಟ್ಟಳು. ಮನೆ ಮುಟ್ಟುವವರೆಗೆ ಒಂದು ಬೈಗುಳವೂ ಅವಳ ಬಾಯಿಂದ ಬರಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಗಾಡಿ ಬಿಚ್ಚಿದಳು, ನಾನು ಪಕ್ಕದಲ್ಲಿ ಕೂತೆ. ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಪಿಸ್ಟನ್ ಮೈಯೆಲ್ಲ ಗೀರು. ಆಮೇಲೆ ಕಾರ್ಬುರೇಟರಿನ ಬಟ್ಟಲು ತೆಗೆದು, ಪೆಟ್ರೋಲ್ ಬರುವ ಹಿತ್ತಾಳೆಯ ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದಳು. ಬೆಳಕು ಕಾಣಲಿಲ್ಲ. ಪಿನ್ನಿನಿಂದ ಮೆಲ್ಲಗೆ ಎಳೆದಳು. ಗುಲಾಬಿ ಬಣ್ಣದ ನೂಲಿನ ಎಳೆಯ ಒಂದು ಗಂಟು ಹೊರಬಂತು.

ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. “ನಾನ ಬಿಟ್ಟೇನೇನ ಇದನ್ನ? ನನ್ನ ಕೈಯಿಂದ ಆತೇನ?” ಎಂದಳು. ಅತ್ತೆ ಹಾಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅವಳ ಕೈಯಿಂದ ಆದದ್ದಲ್ಲ. ನನಗೆ ಗೊತ್ತಿತ್ತು, ಯಾಕೆಂದರೆ ಆ ನೂಲು ಸುತ್ತಿದವಳು ನಾನು. ಬುಧವಾರ ಅವಳು ಕಾರ್ಬುರೇಟರ್ ಮುಚ್ಚಿದಾಗ ನಮ್ಮ ಮನೆಯಲ್ಲಿ ಗುಲಾಬಿ ನೂಲು ಒಂದು ಎಳೆಯೂ ಇರಲಿಲ್ಲ, ಎಲ್ಲ ಮಗ್ಗಗಳಲ್ಲೂ ಹಳದಿ ಓಡುತ್ತಿತ್ತು. ಗುಲಾಬಿ ಬಂದದ್ದು ಶುಕ್ರವಾರ. ಆ ಕಂಡಿಕೆ ಹಾಕಿದ್ದು ಒಂದೇ ಮಗ್ಗಕ್ಕೆ. ಅದನ್ನು ನಡೆಸುವವನು ಅಪ್ಪ.

ನಾನು ಮಗ್ಗದ ಮನೆಯ ಒಳಗೆ ಹೋದೆ. ಅಪ್ಪ ಮಗ್ಗ ನಡೆಸುತ್ತಿದ್ದ. ಮಗ್ಗಗಳು ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ಮಾತು. ನಾನು ಅಪ್ಪಾ ಎಂದೆ, ಮತ್ತೆ ಕರೆದೆ. ಅವನು ತಿರುಗಲಿಲ್ಲ. ಆಗ ನಾನು ಕೈ ಹಾಕಿ ಅವನ ಮಗ್ಗದ ಹಿಡಿಕೆ ಎಳೆದು ನಿಲ್ಲಿಸಿದೆ.

ನಮ್ಮಲ್ಲಿ ಒಬ್ಬರು ನಡೆಸುವ ಮಗ್ಗವನ್ನು ಇನ್ನೊಬ್ಬರು ನಿಲ್ಲಿಸುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನಿಂತರೆ ಬಟ್ಟೆಯಲ್ಲಿ ಅಡ್ಡ ಗೆರೆ ಬೀಳುತ್ತದೆ, ಸೀರೆಗೆ ಬೆಲೆ ಇರುವುದಿಲ್ಲ. ಅಪ್ಪ ಕೈ ಎತ್ತಿದ.

“ಲೇ ಹುಡಿಗಿ! ತಲಿ ಕೆಟ್ಟೈತೇನ? ಸೀರಿ ಹಾಳಾತಲ್ಲ!”

“ಕಾರ್ಬುರೇಟರ್ ಬಿಚ್ಚಿದಿಯೇನ್ ಅಪ್ಪಾ?” ಎಂದೆ. ಈ ಸಲ ದನಿ ಬಂತು. “ಗುಲಾಬಿ ನೂಲ ಐತಿ ಅದರಾಗ. ಬುಧವಾರ ಗುಲಾಬಿ ಎಲ್ಲಿತ್ತು? ನಿನ್ನ ವೇಸ್ಟಿಲೇ ಒರಸೀದಿ.”

ಮಿಕ್ಕ ಮಗ್ಗಗಳೂ ಒಂದೊಂದಾಗಿ ನಿಂತವು. ಅವ್ವ, ಆಯಿ, ಬಾಗಿಲಲ್ಲಿ ಅತ್ತೆ. ಅಪ್ಪ ಮೊದಲು ನನ್ನ ಕಡೆ, ಆಮೇಲೆ ನೆಲದ ಕಡೆ ನೋಡಿದ.

“ಶನಿವಾರ ಗೆಳ್ಯಾರು ಬಂದಿದ್ರು. ಹೆಂಗ ಕಟ್ಟೀದಿ ತೋರ್ಸು ಅಂದ್ರು. ಬಿಚ್ಚಿ ತೋರ್ಸಿದೆ, ಒರಸಿ ಮುಚ್ಚಿದೆ. ಅದಕ್ಕೇನಾತು? ಹುಟ್ಟಿದಾಗಿಂದ ಎಲ್ಲಾ ವೇಸ್ಟಿಲೇ ಒರಸ್ತೀವಿ.”

ಅವನು ಅದನ್ನು ಬೇಕೆಂದು ಮಾಡಲಿಲ್ಲ, ಅದನ್ನೂ ಸರಿಯಾಗಿ ಬರೆಯಬೇಕು. ನೂಲಿನಲ್ಲೇ ಹುಟ್ಟಿದವರ ಕಣ್ಣಿಗೆ ನೂಲು ಕಾಣುವುದಿಲ್ಲ. ಆದರೆ ತಾನು ಕಟ್ಟದ ಗಾಡಿಯನ್ನು ತಾನೇ ಕಟ್ಟಿದೆನೆಂದು ತೋರಿಸಲು ಬಿಚ್ಚಿದ್ದು, ಬಿದ್ದಾಗ ತಂಗಿಯ ಮೇಲೆ ಹಾಕಿದ್ದು, ಅವೆರಡೂ ಬೇಕೆಂದೇ ಮಾಡಿದ್ದು.

“ಹಂಗಾರ ಮಂದಿಗೆ ಹೇಳು” ಎಂದಳು ಅತ್ತೆ ಬಾಗಿಲಿನಿಂದ. “ಮೈಕಿನಾಗ ಅಂದಿಯಲ್ಲ, ಹಂಗ ಹೇಳು.”

ಅಪ್ಪ ಮಗ್ಗದ ಕಡೆ ತಿರುಗಿದ. ಆಯಿಯೇ ಮಾತಾಡಿದಳು. “ಇರ್ಲಿ ಬಿಡ ಶ್ರೀದೇವಿ. ಗಂಡಸು. ಮಂದ್ಯಾಗ ಅಂವನ ಮರ್ಯಾದಿ ಹೋಗತೈತಿ.”

“ನಂದು ಹೋದದ್ದು ಯಾವ ಲೆಕ್ಕಾ ಯವ್ವಾ?”

ಆಯಿ, “ಕರಾರು ಕರಾರ. ಗಾಡಿ ನಿಂತೈತಿ” ಎಂದು ಎದ್ದು ಹೋದಳು. ಹೊಸ ಮಗ್ಗಕ್ಕೆ ಅಪ್ಪ ಮೊದಲೇ ಹೇಳಿಟ್ಟಿದ್ದ. ಅಂದು ಮಧ್ಯಾಹ್ನವೇ ಅದರ ಕಬ್ಬಿಣದ ಚೌಕಟ್ಟು ಬಂದು ಮೂಲೆಯಲ್ಲಿ ಕೂತಿತು. ಗಾಡಿ ಮತ್ತೆ ಬಚ್ಚಲ ಪಕ್ಕದ ತಗಡಿನ ಕೆಳಗೆ ಹೋಯಿತು.

ಅತ್ತೆ ನನಗೆ ಶಾಬಾಸ್ ಅನ್ನಲಿಲ್ಲ. “ಮಗ್ಗ ಯಾಕ ನಿಂದರಿಸಿದಿ? ಸೀರಿ ಏನ್ ಮಾಡಿತ್ತ ನಿನಗ?” ಎಂದು ನನಗೂ ಬೈದಳು. ಬೈದು ಮುಗಿಸಿ ಸಿಲಿಂಡರನ್ನು ಮುತ್ಯಾನ ಧೋತರದಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟಳು. “ಹಿಡಿ. ಕೆಳಗ ಇಟ್ಟಿ ನೋಡ.”

ಅಪ್ಪ ಇನ್ನೂ ಮಂದಿಗೆ ಹೇಳಿಲ್ಲ. ಅವನು ಹೇಳದ್ದನ್ನು ನಾನು ಇಲ್ಲಿ ಬರೆದಿದ್ದೇನೆ, ನನ್ನ ಹೆಸರು ಹಾಕಿಯೇ ಬರೆದಿದ್ದೇನೆ.

ನಾಳೆ ಅಮಾವಾಸ್ಯೆ, ನಮ್ಮಲ್ಲಿ ಮಗ್ಗ ನಡೆಯುವುದಿಲ್ಲ. ಬೆಳಿಗ್ಗೆಯ ಬಸ್ಸಿಗೆ ನಾನು ಅತ್ತೆಯ ಜೊತೆ ಜಮಖಂಡಿಗೆ ಹೋಗಿ ಗೀರು ಬಿದ್ದ ಸಿಲಿಂಡರಿನ ಒಳಮೈ ಕೊರೆಸಿ, ಬೋರ್ ಮಾಡಿಸಿಕೊಂಡು ಬರುತ್ತೇನೆ. ಅಮಾವಾಸ್ಯೆ ಕಳೆದ ಮೇಲೂ ಆ ಮೂಲೆಯ ಹೊಸ ಮಗ್ಗಕ್ಕೆ ನಾನು ಕಂಡಿಕೆ ಸುತ್ತುವುದಿಲ್ಲ.